ಒಂದು ಬಸವನಹುಳು, ಎರಡು ಚಾವಟಿ

ಚಿತ್ರದಲ್ಲಿರುವುದು ಇಷ್ಟೇ: ಒಂದು ದೊಡ್ಡ ಬಸವನಹುಳು, ಅದರ ಮೇಲೆ ಸಂವಿಧಾನವೆಂಬ ಬರೆಹ. ಅದನ್ನು ಏರಿ ಕುಳಿತವರು ಡಾ. ಬಿ. ಆರ್. ಅಂಬೇಡ್ಕರ್, ಅವರ ಕೈಯಲ್ಲಿ ಚಾವಟಿ. ಹಿಂದೆ ನಿಂತ ಜವಾಹರಲಾಲ್ ನೆಹರೂ ಅವರ ಕೈಯಲ್ಲಿಯೂ ಒಂದು ಚಾವಟಿ, ಬೀಸಲು ಎತ್ತಿದ್ದು. ಆಚೆ ನೋಡುತ್ತ ನಿಂತ ಜನ. 1949ರ ಆಗಸ್ಟ್ 28ರಂದು ಅಚ್ಚಾದ ಈ ವ್ಯಂಗ್ಯಚಿತ್ರವನ್ನು ಬರೆದವರು ಶಂಕರ್ ಪಿಳ್ಳೆ. ಓದುಗರು ನಕ್ಕಿರಬೇಕು, ಪುಟ ತಿರುವಿರಬೇಕು, ಮುಂದಿನ ವಾರಕ್ಕೆ ಮರೆತೂ ಇರಬೇಕು. ಪತ್ರಿಕೆಯ ವ್ಯಂಗ್ಯಚಿತ್ರಕ್ಕೆ ಸಾಮಾನ್ಯವಾಗಿ ಅಷ್ಟೇ ಆಯುಷ್ಯ. ಈ ಚಿತ್ರವಾದರೋ ಅರವತ್ತೆರಡು ವರ್ಷಗಳು ಕಳೆದ ಮೇಲೆ ಎದ್ದು ಬಂದು ಸಂಸತ್ತಿನ ಕಲಾಪವನ್ನೇ ತಡೆದು ನಿಲ್ಲಿಸಿತು.

ಶಂಕರ್ ಹುಟ್ಟಿದ್ದು 1902ರಲ್ಲಿ, ಕೇರಳದ ಕಾಯಂಕುಳದಲ್ಲಿ. 1932ರಲ್ಲಿ ಹಿಂದೂಸ್ತಾನ್ ಟೈಮ್ಸ್ ಪತ್ರಿಕೆಯನ್ನು ಸೇರಿ, ವೈಸ್‌ರಾಯರನ್ನೂ ರಾಷ್ಟ್ರನಾಯಕರನ್ನೂ ಒಂದೇ ಕುಂಚದಿಂದ ತಿದ್ದಿ ತೀಡಿದರು. 1948ರ ಮೇ ತಿಂಗಳಲ್ಲಿ ತಮ್ಮದೇ ಆದ ಶಂಕರ್ಸ್ ವೀಕ್ಲಿಯನ್ನು ಆರಂಭಿಸಿದರು. ಬಿಡುಗಡೆ ಮಾಡಿದವರು ಸ್ವತಃ ಪ್ರಧಾನಿ ನೆಹರೂ. ತಮ್ಮನ್ನೂ ಬಿಡಬೇಡಿ ಎಂದು ಶಂಕರರಿಗೆ ಅವರು ಹೇಳಿದ ಮಾತು ಮನೆಮಾತಾಗಿದೆ. ಶಂಕರರೂ ಬಿಡಲಿಲ್ಲ. ಆಳುವವನು ತನ್ನನ್ನು ಕುರಿತ ನಗೆಯನ್ನು ತಾನೇ ಬೇಡಿ ಪಡೆದ ಆ ಕಾಲವನ್ನು ನೆನೆದು ಇಂದು ನಿಟ್ಟುಸಿರುಬಿಡುವವರುಂಟು, ನಿಟ್ಟುಸಿರು ನ್ಯಾಯವಾದದ್ದೇ. ಆದರೂ ಒಂದು ವ್ಯತ್ಯಾಸವನ್ನು ಮರೆಯಲಾಗದು. ನಗೆಗೆ ಗುರಿಯಾದವರೆಲ್ಲರೂ ಪ್ರಧಾನಿಯ ಎತ್ತರದಲ್ಲಿ ಕುಳಿತವರಾಗಿರಲಿಲ್ಲ.

ಚಿತ್ರದ ಆರೋಪ ನಿಧಾನಗತಿಯದು. ಅದು ನಿಜವೇ? ಸಂವಿಧಾನ ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು; ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಹತ್ತಿರ ಹತ್ತಿರ ಮೂರು ವರ್ಷ. ಹೊರಗಿನಿಂದ ನೋಡಿದವರಿಗೆ ಬಸವನಹುಳುವಿನ ನಡಿಗೆಯೆಂದೇ ಕಂಡಿದ್ದರೆ ಆಶ್ಚರ್ಯವಿಲ್ಲ. ಒಳಗಿನ ಲೆಕ್ಕ ಬೇರೆ. ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು, ನಮ್ಮ ದಕ್ಷಿಣ ಕನ್ನಡದವರು, ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ವಿಧಿಗಳಿದ್ದುವು. ಕೊನೆಗೆ ಅವು 395 ಆದುವು. ಕರಡಿಗೆ ಬಂದ ತಿದ್ದುಪಡಿಗಳ ಸೂಚನೆ 7,635. ಅವುಗಳಲ್ಲಿ ಸಭೆಯ ಮುಂದೆ ಮಂಡಿತವಾದುವು 2,473. ಒಂದೊಂದಕ್ಕೂ ಎದ್ದುನಿಂತು ಉತ್ತರ ಹೇಳಬೇಕಾಗಿದ್ದವರು ಮಧುಮೇಹದಿಂದ ಬಳಲುತ್ತಿದ್ದ ಒಬ್ಬ ವ್ಯಕ್ತಿ.

ಒಬ್ಬ ಎಂಬುದು ಅಲಂಕಾರದ ಮಾತಲ್ಲ. 1948ರ ನವೆಂಬರ್ 5ರಂದು ಟಿ. ಟಿ. ಕೃಷ್ಣಮಾಚಾರಿಯವರು ಸಭೆಯಲ್ಲಿ ನಿಂತು ಕರಡು ಸಮಿತಿಯ ಸ್ಥಿತಿಯನ್ನು ವಿವರಿಸಿದರು. ಏಳು ಜನ ಸದಸ್ಯರು. ಒಬ್ಬರು ರಾಜೀನಾಮೆಯಿತ್ತರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಮತ್ತೊಬ್ಬರು ಸಂಸ್ಥಾನಗಳ ವ್ಯವಹಾರದಲ್ಲಿ ತೊಡಗಿದ್ದರು. ಇನ್ನೊಬ್ಬಿಬ್ಬರು ಅನಾರೋಗ್ಯದ ಕಾರಣ ದೆಹಲಿಯಿಂದ ದೂರ ಉಳಿದರು. ಹೊರೆಯೆಲ್ಲ ಅಂಬೇಡ್ಕರ್ ಅವರ ಹೆಗಲಿಗೆ ಬಿತ್ತು. ರಾಜೀನಾಮೆಯಿತ್ತವರ ಸ್ಥಾನಕ್ಕೆ ಬಂದವರು ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರು, ತೀರಿಕೊಂಡವರ ಸ್ಥಾನಕ್ಕೆ ಬಂದವರು ಕೃಷ್ಣಮಾಚಾರಿಯವರೇ.

ಹಾಸ್ಯ ಸಭೆಯ ಒಳಗೂ ಇತ್ತು. ಸದಸ್ಯ ನಜೀರುದ್ದೀನ್ ಅಹಮದ್ ಅವರು ಡ್ರಾಫ್ಟಿಂಗ್ ಸಮಿತಿಯನ್ನು ಡ್ರಿಫ್ಟಿಂಗ್ ಸಮಿತಿ ಎಂದು ಕರೆದು ಚುಚ್ಚಿದರು: ಕರಡು ಬರೆಯುವ ಸಮಿತಿಯಲ್ಲ, ಗೊತ್ತುಗುರಿಯಿಲ್ಲದೆ ತೇಲುವ ಸಮಿತಿ. 1949ರ ನವೆಂಬರ್ 25ರ ಪ್ರಸಿದ್ಧ ಭಾಷಣದಲ್ಲಿ ಅಂಬೇಡ್ಕರ್ ಅದಕ್ಕೆ ಉತ್ತರವಿತ್ತರು. ತೇಲುವುದರಲ್ಲಿಯೂ ಹಿಡಿತವಿದ್ದು ತೇಲುವುದು ಬೇರೆ, ಹಿಡಿತವಿಲ್ಲದೆ ತೇಲುವುದು ಬೇರೆ ಎಂಬ ಅರ್ಥದ ಮಾತು ಅದು. ತಡವಾಯಿತೆಂಬ ದೂರನ್ನೂ ಬಿಡಲಿಲ್ಲ. ಅಮೆರಿಕಕ್ಕೆ ನಾಲ್ಕು ತಿಂಗಳು, ಕೆನಡಾಕ್ಕೆ ಎರಡು ವರ್ಷ ಐದು ತಿಂಗಳು, ಆಸ್ಟ್ರೇಲಿಯಾಕ್ಕೆ ಒಂಬತ್ತು ವರ್ಷ ಹಿಡಿಯಿತೆಂದು ಎಣಿಸಿ, ಅವುಗಳ ಸಂವಿಧಾನಗಳು ಎಷ್ಟು ಚಿಕ್ಕವೆಂದೂ, ಅಲ್ಲಿ ತಿದ್ದುಪಡಿಗಳ ಈ ತೊಡಕು ಇರಲಿಲ್ಲವೆಂದೂ ತೋರಿಸಿದರು. ಅದೇ ಉಸಿರಿನಲ್ಲಿ, ತಮಗೆ ಸಲ್ಲಿಸಿದ ಕೀರ್ತಿಯಲ್ಲಿ ನರಸಿಂಗರಾಯರಿಗೂ ಪಾಲಿದೆಯೆಂದು ಹಂಚಿಕೊಟ್ಟರು.

ಈ ಚಿತ್ರ 2006ರಲ್ಲಿ ಹನ್ನೊಂದನೆಯ ತರಗತಿಯ ರಾಜ್ಯಶಾಸ್ತ್ರದ ಪಠ್ಯವನ್ನು ಸೇರಿತು. ಸಂವಿಧಾನ ರಚನೆಗೆ ಅಷ್ಟು ಕಾಲ ಏಕೆ ಬೇಕಾಯಿತೆಂದು ಮಕ್ಕಳು ಯೋಚಿಸಲೆಂಬುದು ಪಠ್ಯಕಾರರ ಉದ್ದೇಶ. ದುರುದ್ದೇಶವನ್ನು ಅವರಿಗೆ ಆರೋಪಿಸುವುದು ಅನ್ಯಾಯ. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಪ್ರತಿಭಟನೆ ಎದ್ದಿತು. ಸರಕಾರ ಕ್ಷಮೆ ಕೇಳಿತು. ಪಠ್ಯದ ಸಲಹೆಗಾರರಾಗಿದ್ದ ಸುಹಾಸ್ ಪಲ್ಶೀಕರ್ ಮತ್ತು ಯೋಗೇಂದ್ರ ಯಾದವ್ ರಾಜೀನಾಮೆಯಿತ್ತರು. ಪುಣೆಯಲ್ಲಿ ಪಲ್ಶೀಕರ್ ಅವರ ಕಚೇರಿಯ ಮೇಲೆ ದಾಳಿ ನಡೆಯಿತು. ಅದನ್ನು ಯಾವ ನೋವೂ ಸಮರ್ಥಿಸಲಾರದು.

ನೋವು ಮಾತ್ರ ಸುಳ್ಳಲ್ಲ. ನೆಹರೂ ಎತ್ತಿದ ಚಾವಟಿ ಹುಳುವಿಗೋ ಸವಾರನಿಗೋ? ರೇಖೆ ಅದನ್ನು ಸ್ಪಷ್ಟಪಡಿಸುವುದಿಲ್ಲ. 1949ರ ನಗರವಾಸಿ ಓದುಗನಿಗೆ ಅದು ಹುಳುವಿಗೆ ಎಂದೇ ತೋರಿರಬಹುದು. ಚಾವಟಿಯ ಪೆಟ್ಟು ತಲೆಮಾರುಗಳ ನೆನಪಾಗಿ ಉಳಿದಿರುವ ಮನೆಯ ಹುಡುಗನಿಗೆ, ತರಗತಿಯಲ್ಲಿ ಆ ಪುಟ ತೆರೆದಾಗ, ಅದು ಹಾಗೆ ತೋರುವುದಿಲ್ಲ. ಎರಡು ನೋಟಗಳೂ ಆ ಒಂದೇ ಚಿತ್ರದಲ್ಲಿವೆ. ಅನೇಕಾಂತದ ಪಾಠವನ್ನು ಒಪ್ಪಿದವರು ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಲಾರರು.

ಭರತಮುನಿ ಹಾಸ್ಯವನ್ನು ರಸವೆಂದು ಗೌರವಿಸಿದ. ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಗಳನ್ನು ವಿಂಗಡಿಸಿದ. ಉಪಹಸಿತ, ಅಪಹಸಿತಗಳಿಗೂ ಅದರಲ್ಲಿ ಎಡೆಯುಂಟು. ಜೈನ ಕರ್ಮಸಿದ್ಧಾಂತ ಇಷ್ಟು ಉದಾರವಾಗಿಲ್ಲ. ಅಲ್ಲಿ ಹಾಸ್ಯ ಒಂಬತ್ತು ನೋಕಷಾಯಗಳಲ್ಲಿ ಮೊದಲನೆಯದು. ಶೋಕ, ಭಯ, ಜುಗುಪ್ಸೆಗಳ ಸಾಲಿನಲ್ಲಿ ಕುಳಿತು ಚಾರಿತ್ರವನ್ನು ಮಸುಕುಗೊಳಿಸುವ ಮೋಹನೀಯ ಕರ್ಮದ ಒಂದು ಭೇದ. ಕ್ರೋಧ ಮಾನಗಳಂತೆ ಪೂರ್ಣ ಕಷಾಯವಲ್ಲ, ಈಷತ್ ಕಷಾಯ. ಅಂದರೆ ನಗುವವನಿಗೂ ಬಣ್ಣ ಅಂಟುತ್ತದೆ, ತೆಳುವಾಗಿ. ವ್ಯಂಗ್ಯಚಿತ್ರದ ಚರ್ಚೆಯಲ್ಲಿ ನಗಿಸಿದವನನ್ನು ಕುರಿತು, ನಗೆಗೀಡಾದವನನ್ನು ಕುರಿತು ಬೇಕಾದಷ್ಟು ಮಾತು ಬಂದಿದೆ. ನಕ್ಕವರನ್ನು ಕುರಿತು ಬಂದದ್ದು ಕಡಮೆ.

ಶಂಕರರ ಚಿತ್ರದ ಹಿನ್ನೆಲೆಯಲ್ಲಿ ನಿಂತಿರುವ ಜನ ಅವರೇ. ಎರಡು ವರ್ಷಗಳ ಅನಂತರ, 1951ರಲ್ಲಿ, ಮುಂಬಯಿಯ ಟೈಮ್ಸ್ ಆಫ್ ಇಂಡಿಯಾದಲ್ಲಿ ಆರ್. ಕೆ. ಲಕ್ಷ್ಮಣ್ ತಮ್ಮ ನಿತ್ಯದ ಪುಟ್ಟ ಚಿತ್ರಮಾಲೆಯನ್ನು ತೊಡಗಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ರಾ.ಶಿ. ಅವರ ಕೊರವಂಜಿಗೆ ಚಿತ್ರ ಬರೆದು ಕೈ ಪಳಗಿಸಿಕೊಂಡವರು ಅವರು. ಅವರಲ್ಲಿ ಆ ಜನಸಂದಣಿ ಕರಗಿ ಒಬ್ಬನೇ ಆಯಿತು: ಪಂಚೆ, ಚೌಕುಳಿ ಕೋಟು, ಕನ್ನಡಕ, ಬಕ್ಕ ತಲೆ. ಆತ ಎಲ್ಲವನ್ನೂ ನೋಡುತ್ತಾನೆ. ಮಾತಾಡುವುದಿಲ್ಲ, ವಿಚಿತ್ರವೆಂದರೆ, ನಗುವುದೂ ಇಲ್ಲ.

1932ರಿಂದ 1956ರವರೆಗಿನ ಪತ್ರಿಕೆಗಳಲ್ಲಿ ಅಂಬೇಡ್ಕರ್ ಅವರನ್ನು ಕುರಿತು ಬಂದ ನೂರಕ್ಕೂ ಹೆಚ್ಚು ವ್ಯಂಗ್ಯಚಿತ್ರಗಳನ್ನು ಹುಡುಕಿ ತೆಗೆದು ಉನ್ನಮತಿ ಶ್ಯಾಮಸುಂದರ್ 2019ರಲ್ಲಿ ಒಂದು ಸಂಪುಟವಾಗಿ ಹೊರತಂದರು. ಅವರೂ ವ್ಯಂಗ್ಯಚಿತ್ರಕಾರರೇ. ನಿಷೇಧಕ್ಕಾಗಿ ಕೂಗುವ ಬದಲು ಎಲ್ಲವನ್ನೂ ಮತ್ತೆ ಅಚ್ಚುಹಾಕಿ, ಪ್ರತಿ ಚಿತ್ರದ ಪಕ್ಕದಲ್ಲಿ ಅಂದು ನಡೆದದ್ದೇನೆಂದು ಬರೆದಿಟ್ಟರು. ಬಿಡಿಯಾಗಿ ನೋಡಿದರೆ ತುಂಟತನವೆನಿಸುವ ಚಿತ್ರಗಳು ಒಟ್ಟಿಗೆ ಕುಳಿತಾಗ ಬೇರೊಂದು ಕಥೆ ಹೇಳುತ್ತವೆ. ಬಸವನಹುಳುವೂ ಆ ಸಾಲಿನಲ್ಲಿದೆ. ಕೃಷ್ಣಮಾಚಾರಿಯವರು ಎಣಿಸಿ ಹೇಳಿದ ಖಾಲಿ ಕುರ್ಚಿಗಳು ಶಂಕರರ ಚಿತ್ರದಲ್ಲಿಲ್ಲ. ಹುಳುವಿನ ಬೆನ್ನ ಮೇಲೆ ಒಬ್ಬರೇ ಕುಳಿತಿದ್ದಾರೆ.