ನಕ್ಷತ್ರವಿಲ್ಲದ ನೀಹಾರಿಕೆ

ಇದು ಇಂಥದೆಂದು ಹೇಳಲಾಗದಲ್ಲಿ, ಇಂಥದಲ್ಲವೆಂದು ಹೇಳಿ ವಸ್ತುವನ್ನು ತಿಳಿಸುವ ಕ್ರಮವೊಂದು ವೇದಾಂತಿಗಳಲ್ಲಿ ಉಂಟು. ಆ ಕ್ರಮವನ್ನು ತಾನರಿಯದೆಯೇ ಆಕಾಶದಲ್ಲಿ ಅನುಸರಿಸಿದವನು ಪ್ಯಾರಿಸ್ ನಗರದ ಶಾರ್ಲ್ ಮೆಸ್ಸಿಯೆ ಎಂಬ ಜ್ಯೋತಿರ್ವಿದನು.

ಧೂಮಕೇತುಗಳನ್ನು ಅರಸುವುದೇ ಅವನ ವ್ರತ. ಆದರೆ ಕದಲದೆ ನಿಂತಿರುವ ಕೆಲವು ಮಸುಕು ಬೆಳಕುಗಳು ಧೂಮಕೇತುಗಳಂತೆ ತೋರಿ ಅವನನ್ನು ವಂಚಿಸುತ್ತಿದ್ದುವು. ಇತರರೂ ಮೋಸಹೋಗದಿರಲೆಂದು ಅವನು ಅಂಥವುಗಳ ಪಟ್ಟಿಯೊಂದನ್ನು ಮಾಡಿದನು. 1781ರ ಮಾರ್ಚ್ ತಿಂಗಳಲ್ಲಿ ಕನ್ಯಾರಾಶಿಯ ಒಂದು ಮಂಕು ಬೆಳಕು ಅದರಲ್ಲಿ 87ನೆಯದಾಗಿ ಸೇರಿತು. ನಕ್ಷತ್ರವಿಲ್ಲದ ನೀಹಾರಿಕೆಯೆಂದು ಅವನು ಬರೆದುಕೊಂಡನು.

ನಕ್ಷತ್ರವಿಲ್ಲದ್ದೆಂದ ಆ ಬೆಳಕೇ ಅನೇಕ ಲಕ್ಷಕೋಟಿ ನಕ್ಷತ್ರಗಳ ಲೋಕವೆಂಬುದು ಬಹುಕಾಲದ ಮೇಲೆ ತಿಳಿಯಿತು. ಅದು ನಮಗೆ ಸುಮಾರು 5.4 ಕೋಟಿ ಜ್ಯೋತಿರ್ವರ್ಷಗಳಷ್ಟು ದೂರದಲ್ಲಿರುವುದು. ಇಂದು ನಮ್ಮ ಕಣ್ಣಿಗೆ ಬೀಳುವ ಅದರ ಕಿರಣವು ಹೊರಟಾಗ ಭೂಮಿಯಲ್ಲಿ ಮನುಷ್ಯನೇ ಇರಲಿಲ್ಲ. ನಮ್ಮ ಆಕಾಶಗಂಗೆಗೆ ಸುರುಳಿಯಾದ ತೋಳುಗಳುಂಟು, ಇದಕ್ಕಿಲ್ಲ. ನಡುವೆ ದಟ್ಟವಾಗಿ, ಅಂಚಿಗೆ ಬರಬರುತ್ತ ತೆಳುವಾಗಿ, ಮಂಜಿನಲ್ಲಿಟ್ಟ ದೀಪದ ಪ್ರಭೆಯಂತೆ ಇದು ಹಬ್ಬಿದೆ. ಇಂಥವನ್ನು ದೀರ್ಘವೃತ್ತಾಕಾರದ ಗೆಲಾಕ್ಸಿಗಳೆನ್ನುವರು. ಇದರಲ್ಲಿ ಹೊಸ ನಕ್ಷತ್ರಗಳು ಹುಟ್ಟುವುದು ಬಲು ವಿರಳ. ಇರುವುವು ಬಹುತೇಕ ವೃದ್ಧವಾದ, ಕೆಂಪೇರಿದ ನಕ್ಷತ್ರಗಳು. ನಮ್ಮ ಆಕಾಶಗಂಗೆಯನ್ನು ಸುತ್ತುವ ಗೋಳಾಕಾರದ ನಕ್ಷತ್ರಗುಚ್ಛಗಳು ಸುಮಾರು 150. ಇದರ ಸುತ್ತಲಿನವು 10,000ಕ್ಕೂ ಹೆಚ್ಚು.

ಇಷ್ಟು ವೃದ್ಧವಾದುದು ಶಾಂತವಾಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ 1918ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸನು ಇದರ ನಡುವಿನಿಂದ ನೇರವಾಗಿ ಹೊರಟ ಒಂದು ಕಿರಣವನ್ನು ಗುರುತಿಸಿದನು. ಸಾವಿರಾರು ಜ್ಯೋತಿರ್ವರ್ಷಗಳಷ್ಟು ಉದ್ದದ ಆ ಧಾರೆಯ ಮೂಲದಲ್ಲಿರುವುದು, ಸುಮಾರು 650 ಕೋಟಿ ಸೂರ್ಯರ ತೂಕದ ಒಂದು ಕೃಷ್ಣರಂಧ್ರ. ಅದರೊಳಗೆ ಬಿದ್ದ ಬೆಳಕೂ ಹಿಂದಿರುಗಲಾರದು. ಆದರೆ ಒಳಬೀಳುವುದಕ್ಕೆ ಮುಂಚೆ ಸುಳಿಯುವ ದ್ರವ್ಯದಲ್ಲಿ ಒಂದಂಶವು ಮಹಾವೇಗದಿಂದ ಹೊರಕ್ಕೆ ಚಿಮ್ಮಿ ಈ ಧಾರೆಯಾಗುತ್ತದೆ. 2017ರ ಏಪ್ರಿಲಿನಲ್ಲಿ ಭೂಮಿಯ ನಾನಾ ಭಾಗಗಳ ರೇಡಿಯೋ ದೂರದರ್ಶಕಗಳು ಒಂದೇ ಕಣ್ಣಿನಂತೆ ಕೂಡಿ ಆ ಕೇಂದ್ರವನ್ನು ನೋಡಿದುವು. 2019ರ ಏಪ್ರಿಲ್ 10ರಂದು ಲೋಕವು ಅದರ ಚಿತ್ರವನ್ನು ಕಂಡಿತು: ಬೆಳಕಿನ ಬಳೆ, ನಡುವೆ ಕತ್ತಲೆ. ಕೃಷ್ಣರಂಧ್ರವೊಂದರ ಚಿತ್ರವು ಮನುಷ್ಯನಿಗೆ ದೊರೆತುದು ಅದೇ ಮೊದಲು.

ಮೆಸ್ಸಿಯೆಯು ಆಸೆಪಟ್ಟು ಕಂಡುಹಿಡಿದ ಧೂಮಕೇತುಗಳನ್ನು ಇಂದು ನೆನೆಯುವವರು ವಿರಳ. ಬೇಡವೆಂದು ಬದಿಗಿಟ್ಟವುಗಳ ಪಟ್ಟಿಯಿಂದಲೇ ಅವನ ಹೆಸರು ಉಳಿಯಿತು. ಆ ಬೆಳಕು ಏನೆಂಬುದು ಅವನಿಗೆ ತಿಳಿಯಲಿಲ್ಲ. ಆದರೆ ಅದು ಧೂಮಕೇತುವಲ್ಲವೆಂಬುದನ್ನು ಅಚ್ಚುಕಟ್ಟಾಗಿ ಬರೆದು, ಇರುವ ಸ್ಥಾನವನ್ನು ಗುರುತಿಸಿ, ಮುಂದಿನವರಿಗೆ ಬಿಟ್ಟುಹೋದನು. ತಿಳಿಯದುದನ್ನು ತಿಳಿದೆನೆನ್ನದೆ, ಕಂಡಷ್ಟನ್ನೇ ಬರೆದಿಡುವವನ ಋಣವನ್ನು ಶಾಸ್ತ್ರವು ಎಂದಾದರೊಂದು ದಿನ ತೀರಿಸದೆ ಬಿಡದು.