ತಂತಿಯ ಸ್ವಂತ ದನಿ

ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿಯ ಸನ್ನಿಧಿಯ ಬಳಿ ಹರಿಯುವ ಕಪಿಲೆಯು ಮುಂದೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ಸಂಗಮಕ್ಷೇತ್ರವು ಯಾತ್ರಿಕರಿಗೆ ಎಷ್ಟು ಪರಿಚಿತವೋ ಸಂಗೀತರಸಿಕರಿಗೂ ಅಷ್ಟೇ ಪರಿಚಿತವಾದುದು. ಪಿಟೀಲು ಚೌಡಯ್ಯನವರು 1895ರಲ್ಲಿ ಜನಿಸಿದುದು ಅಲ್ಲಿಯೇ. ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿ, ದಕ್ಷಿಣದೇಶದ ಸಭೆಗಳಲ್ಲೆಲ್ಲ ಕೀರ್ತಿಗಳಿಸಿ, 1957ರಲ್ಲಿ ಸಂಗೀತ ಕಲಾನಿಧಿ ಪದವಿಯನ್ನು ಪಡೆದ ಆ ಮಹನೀಯರು ತಮ್ಮ ವಾದ್ಯಕ್ಕೆ ಮಾಡಿಕೊಂಡ ಮಾರ್ಪಾಡು ಈಗಲೂ ವಿಚಾರಾರ್ಹವಾಗಿದೆ.

ಸಭೆಗಳಿಗೆ ಧ್ವನಿವರ್ಧಕವು ಇನ್ನೂ ಬಾರದಿದ್ದ ಕಾಲವದು. ನಾಲ್ಕು ತಂತಿಯ ಪಿಟೀಲಿನ ನಾದವು ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಚೆನ್ನಾಗಿ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ಇನ್ನು ಮೂರು ತಂತಿಗಳನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ನಾದವೇನೋ ತುಂಬಿ ಬಂದಿತು. ಆದರೆ ಅದರ ಬೆಲೆಯನ್ನು ತೆತ್ತುದು ಅವರ ಕೈ. ಜೊತೆಯಾಗಿ ನುಡಿಯುವ ತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಸಭೆಗೆ ಅದು ತಿಳಿಯುತ್ತದೆ. ಒಂದೇ ಬೆರಳು ಎರಡು ತಂತಿಗಳನ್ನು ಸಮವಾಗಿ ಒತ್ತಬೇಕಾಗುತ್ತದೆ. ಮುಂದೆ ಧ್ವನಿವರ್ಧಕವು ಊರೂರಿಗೆ ಬಂದ ಮೇಲೆ ಆ ಮಾರ್ಪಾಡಿಗೆ ಕಾರಣವಾಗಿದ್ದ ಕೊರತೆಯೇ ಇಲ್ಲವಾಯಿತು. ಇಂದಿನ ಪಿಟೀಲುಗಾರರಲ್ಲಿ ಬಹುಮಂದಿ ನಾಲ್ಕು ತಂತಿಗಳಲ್ಲಿಯೇ ನುಡಿಸುತ್ತಾರೆ.

ಇದಕ್ಕೆ ಒಂದು ಬಗೆಯಲ್ಲಿ ವಿಲೋಮವಾದ ಕೆಲಸವೊಂದು ಅದೇ ತಿರುಮಕೂಡಲು ನರಸೀಪುರದ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ನಡೆಯಿತು. ಅಲ್ಲಿ ವಾದ್ಯಕ್ಕೆ ಕೂಡಿಸಿದುದಕ್ಕಿಂತ ಅದರಿಂದ ತೆಗೆದುದೇ ಹೆಚ್ಚು. ವಾದ್ಯವು ಬೇಸ್ ಗಿಟಾರ್. ಅದರ ಒಡೆಯನು ನಂಜನಗೂಡಿನವನು. ಹಗಲು ಕಾರ್ಖಾನೆಯ ಕೆಲಸ, ರಾತ್ರಿ ಆರ್ಕೆಸ್ಟ್ರಾ. ಗಣೇಶೋತ್ಸವದ ದಿನಗಳಲ್ಲಿ ದೊರೆಯುವ ಹಣದಿಂದಲೇ ಮಗಳ ಕಾಲೇಜಿನ ಶುಲ್ಕ ಸಲ್ಲಬೇಕು. ಉತ್ಸವಕ್ಕೆ ಇನ್ನು ಇಪ್ಪತ್ತೈದು ದಿನಗಳಿರಲು ಅವನ ವಾದ್ಯವು ಮೂಕವಾಯಿತು.

ವಾಚಕರ ತಿಳಿವಿಗಾಗಿ ವಾದ್ಯದ ಒಳಗನ್ನು ಸ್ವಲ್ಪ ಹೇಳಬೇಕಾಗಿದೆ. ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಅಂಗವುಂಟು. ಅದು ಅಯಸ್ಕಾಂತದ ಸುತ್ತ ಕೂದಲಿನಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲಿನ ಉಕ್ಕಿನ ತಂತಿಯು ಮಿಡಿದಾಗ, ಫ್ಯಾರಡೆ ಮಹಾಶಯನು 1831ರಲ್ಲಿ ತೋರಿಸಿಕೊಟ್ಟ ನಿಯಮದಂತೆ, ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಾಗೆಯೇ ಹೊರಗೆ ಕಳುಹಿಸುವ ವಾದ್ಯಕ್ಕೆ ಪ್ಯಾಸಿವ್ ಎಂದು ಹೆಸರು. 1951ರಲ್ಲಿ ಫೆಂಡರ್ ಕಂಪೆನಿಯು ಹೊರತಂದ ಬೇಸ್ ಗಿಟಾರು ಈ ಬಗೆಯದು. ವಾದ್ಯದ ಹೊಟ್ಟೆಯಲ್ಲಿಯೇ ಒಂಬತ್ತು ವೋಲ್ಟಿನ ಬ್ಯಾಟರಿಯನ್ನಿರಿಸಿ, ಆ ಅಲ್ಪ ವಿದ್ಯುತ್ತಿಗೆ ಹೊರಡುವ ಮುನ್ನವೇ ಬಲ ತುಂಬುವ ವಾದ್ಯವು ಆ್ಯಕ್ಟಿವ್. 1976ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪೆನಿಯು ಸ್ಟಿಂಗ್‌ರೇ ಎಂಬ ಬೇಸನ್ನು ಮಾರುಕಟ್ಟೆಗೆ ತಂದ ತರುವಾಯ ಈ ಪದ್ಧತಿಯು ವಿಶೇಷವಾಗಿ ಹರಡಿತು. ಇದರ ಪ್ರಯೋಜನಗಳು ಸುಳ್ಳಲ್ಲ. ಕೇಬಲ್ಲು ಎಷ್ಟು ಉದ್ದವಾದರೂ ದನಿಯ ಹೊಳಪು ಕುಂದದು. ಮಂದ್ರವನ್ನೂ ತಾರವನ್ನೂ ಗುಂಡಿ ತಿರುಗಿಸಿದಷ್ಟಕ್ಕೇ ಹೆಚ್ಚಿಸಿಕೊಳ್ಳಬಹುದು. ಪ್ಯಾಸಿವ್ ವಾದ್ಯದ ಟೋನ್ ಗುಂಡಿಯಾದರೋ ಇದ್ದುದನ್ನು ಕಳೆಯಬಲ್ಲದು, ಇಲ್ಲದುದನ್ನು ಕೊಡಲಾರದು.

ನಂಜನಗೂಡಿನವನ ಬೇಸಿನಲ್ಲಿ ಕೆಟ್ಟುದು ಪಿಕಪ್ಪಿನೊಳಗಿನ ಸರ್ಕ್ಯೂಟು. ಅರಗಿನಂತಹ ಗಟ್ಟಿ ವಸ್ತುವನ್ನು ಎರೆದು ಅದನ್ನು ಮುಚ್ಚಿದ್ದುದರಿಂದ ಬಿಚ್ಚಿ ಸರಿಪಡಿಸುವ ಮಾತೇ ಇರಲಿಲ್ಲ. ಅಂತಹುದೇ ಹೊಸದನ್ನು ತರಿಸಲು ಅವನಲ್ಲಿ ಹಣವಿರಲಿಲ್ಲ. ನರಸೀಪುರದ ರಿಪೇರಿಗಾರನು ವಯಸ್ಸಾದವನು. ಜಾತ್ರೆ ಮದುವೆಗಳ ಮೈಕ್‌ಸೆಟ್ಟುಗಳಲ್ಲಿಯೇ ಕೈ ಪಳಗಿಸಿಕೊಂಡವನು. ವಾದ್ಯವನ್ನು ತಿರುವಿ ನೋಡಿ, "ಬ್ಯಾಟರಿ ಸಹವಾಸವೇ ಬೇಡ ಕಣಪ್ಪ. ಹಳೇ ನಮೂನೆ ಪಿಕಪ್ಪು ಹಾಕಿಕೊಡ್ತೀನಿ" ಎಂದನು.

"ದನಿ ಇಳಿದುಹೋದರೆ ನಾನು ಕೆಟ್ಟೆ, ಅಣ್ಣಾ. ಇರೋದು ಇದೊಂದೇ ವಾದ್ಯ."

"ಇಳೀತದೆ. ಆಂಪ್ಲಿಫೈಯರಲ್ಲಿ ಏರಿಸ್ಕೋ. ಮಿಕ್ಕಿದ್ದು ನಿನ್ನ ಬೆರಳಿಗೆ ಬಿಟ್ಟದ್ದು."

ಪಿಕಪ್ಪುಗಳನ್ನು ಬದಲಾಯಿಸಿದ ಮಾತ್ರಕ್ಕೆ ಈ ಕೆಲಸವು ಮುಗಿಯುವುದಿಲ್ಲ. ಆ್ಯಕ್ಟಿವ್ ಪಿಕಪ್ಪುಗಳೊಡನೆ ಸಾಮಾನ್ಯವಾಗಿ ಬರುವ ಗುಂಡಿಗಳು 25 ಕಿಲೋಓಮಿನವು. ಪ್ಯಾಸಿವ್ ಸುರುಳಿಗೆ ಅವನ್ನೇ ಉಳಿಸಿದರೆ ಹುಟ್ಟಿದ ಅಲ್ಪ ವಿದ್ಯುತ್ತೂ ಅವುಗಳ ದಾರಿಯಲ್ಲಿ ಸೋರಿಹೋಗಿ, ದನಿಯು ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಆದುದರಿಂದ 250 ಕಿಲೋಓಮಿನ ಗುಂಡಿಗಳನ್ನೂ ಟೋನಿಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಹಾಕಬೇಕಾಯಿತು. ಕೇಬಲ್ಲನ್ನು ಚುಚ್ಚಿದಾಗ ಬ್ಯಾಟರಿಯನ್ನು ಚಾಲೂ ಮಾಡುತ್ತಿದ್ದ ಮೂರು ಸಂಪರ್ಕದ ಜಾಕಿಗೆ ಬದಲಾಗಿ ಎರಡು ಸಂಪರ್ಕದ ಸಾದಾ ಜಾಕು ಬಂದಿತು. ಎಲ್ಲವನ್ನೂ ಬೆಸೆದು ನುಡಿಸಿದಾಗ ಗುಂಯ್ಯೆಂಬ ಸದ್ದೊಂದು ಕೇಳಿಸಿತು. ಹಳೆಯ ಪಿಕಪ್ಪುಗಳಿಗೆ ಬೇಕಿಲ್ಲವೆಂದು ಕಾರ್ಖಾನೆಯವರು ಕುದುರೆಗೆ ಭೂಸಂಪರ್ಕದ ತಂತಿಯನ್ನು ಎಳೆದಿರಲಿಲ್ಲ. ಮುದುಕನು ಮರದಲ್ಲಿ ಸಣ್ಣ ರಂಧ್ರವನ್ನು ಕೊರೆದು, ಒಂದು ತಂತಿಯನ್ನು ಕುದುರೆಯ ಅಡಿಗೆ ಹಾಯಿಸಿದನು. ಅನಂತರ ಬೆರಳು ತಂತಿಯನ್ನು ಮುಟ್ಟಿದೊಡನೆಯೇ ಸದ್ದು ಅಡಗಿತು.

ಮನೆಗೆ ಬಂದು ನುಡಿಸಿದಾಗ ನಂಜನಗೂಡಿನವನಿಗೆ ಉಂಟಾದುದು ದಿಗಿಲು. ಒಂದು ಸ್ವರ ದಪ್ಪ, ಇನ್ನೊಂದು ತೆಳು; ಉಂಗುರಬೆರಳಿನ ಒತ್ತು ಎಲ್ಲಿ ಸಡಿಲವೋ ಅಲ್ಲೆಲ್ಲ ಪರಪರ ಸದ್ದು. ವಾದ್ಯವು ಕೆಟ್ಟಿತೆಂದು ಮೊದಲು ಎಣಿಸಿದನು. ಎರಡು ದಿನ ಕಿವಿಯಿಟ್ಟು ಕೇಳಿದ ಮೇಲೆ, ಈ ಏರುಪೇರು ವಾದ್ಯದ್ದಲ್ಲ, ಹತ್ತು ವರ್ಷಗಳಿಂದ ತನ್ನ ಬೆರಳುಗಳಲ್ಲಿಯೇ ಇದ್ದುದೆಂಬುದು ಅವನಿಗೆ ಹೊಳೆಯಿತು. ಗುಂಡಿಯನ್ನು ತಿರುಗಿಸಿ ಮಂದ್ರವನ್ನು ಉಬ್ಬಿಸಿ ಆ ಕೊರತೆಗಳ ಮೇಲೆ ಹೊದಿಕೆ ಹಾಕುತ್ತಿದ್ದ ಉಪಾಯವು ಈಗ ಅವನ ಕೈಯಲ್ಲಿರಲಿಲ್ಲ. ಉಳಿದ ಎಲ್ಲ ರಾತ್ರಿಗಳಲ್ಲಿಯೂ ಆಂಪ್ಲಿಫೈಯರಿನ ದನಿಯನ್ನು ತಗ್ಗಿಸಿಕೊಂಡು, ಮಗಳ ಓದಿಗೆ ಭಂಗಬಾರದಂತೆ, ಹೊಸದಾಗಿ ಕಲಿಯುವವನ ಹಾಗೆ ನಾಲ್ಕು ತಂತಿಗಳ ಮೇಲೆ ಸಮವಾಗಿ ಮಿಡಿಯುವುದನ್ನು ಸಾಧಿಸತೊಡಗಿದನು.

ಉತ್ಸವವು ನಡೆಯಿತು, ಶುಲ್ಕವೂ ಸಂದಿತು. ಹಾಡುಗಾರರು ವಾದ್ಯ ಬದಲಾದುದನ್ನು ಗಮನಿಸಲಿಲ್ಲ. ಡೋಲಕಿನವನೊಬ್ಬನು ಮಾತ್ರ, "ಈ ಸಲ ನಿಮ್ಮ ತಾಳ ಹಿಡಿದು ನುಡಿಸೋದು ಸಲೀಸಾಯ್ತು" ಎಂದನು. ಹಾಗೆಂದು ನಷ್ಟವೇ ಇಲ್ಲವೆನ್ನುವುದು ಸತ್ಯವಾಗದು. ಕೆಲವು ಹೊಸ ಚಿತ್ರಗೀತೆಗಳಿಗೆ ಬೇಕಾದ ಚುರುಕಾದ ತಾರಧ್ವನಿಯು ಈಗ ಅವನ ವಾದ್ಯದಲ್ಲಿ ಹೊರಡದು. ಉದ್ದದ ಕೇಬಲ್ಲನ್ನು ಹಾಕಿದರೆ ಹೊಳಪು ಕುಂದುವುದುಂಟು. ಅಂತಹ ಹಾಡುಗಳೇ ಜೀವನೋಪಾಯವಾಗಿರುವವರಿಗೆ ಈ ಪರಿವರ್ತನೆಯು ತಕ್ಕುದಲ್ಲ.

ವಾದ್ಯಕ್ಕೆ ಕೂಡಿಸುವುದಾಗಲಿ ಅದರಿಂದ ಕಳೆಯುವುದಾಗಲಿ ತಾನಾಗಿಯೇ ಮೇಲೆಂದು ಹೇಳಲಾಗದು. ಚೌಡಯ್ಯನವರು ಕೂಡಿಸಿದರು, ಈತನು ಕಳೆದನು. ಇಬ್ಬರ ಯೋಗ್ಯತೆಗಳಿಗೂ ಹೋಲಿಕೆಯೇ ಸಲ್ಲದು. ಆದರೂ ಒಂದು ವಿಷಯವು ಸಮಾನ. ಮಾರ್ಪಾಡಿನ ಲೆಕ್ಕವು ಬಡಗಿಯ ಅಥವಾ ರಿಪೇರಿಗಾರನ ಅಂಗಡಿಯಲ್ಲಿ ತೀರುವುದಿಲ್ಲ. ಉಳಿದ ಬಾಕಿಯನ್ನು ಸಾಧನೆಯಲ್ಲಿ ಕೈಯೇ ತೀರಿಸಬೇಕು.

ತೆಗೆದ ಸರ್ಕ್ಯೂಟನ್ನು ಅವನು ಎಸೆಯಲಿಲ್ಲ. ಮುಂದೆ ಯಾರಾದರೂ ಇದನ್ನು ಮೊದಲಿನಂತೆ ಮಾಡಬಯಸಿದರೆ ತೊಡಕಾಗಬಾರದೆಂದು, ಯಾವ ತಂತಿ ಎಲ್ಲಿಗೆ ಎಂಬ ಚೀಟಿಯೊಡನೆ ಅದನ್ನು ಡಬ್ಬಿಯಲ್ಲಿಟ್ಟಿದ್ದಾನೆ. ನಾಲ್ಕು ಗುಂಡಿಗಳಿದ್ದ ಜಾಗದಲ್ಲಿ ಈಗ ಮೂರು ಸಾಕಾಗಿವೆ. ನಾಲ್ಕನೆಯ ರಂಧ್ರಕ್ಕೆ ಮುದುಕನು ಬಿಲ್ಲೆಯಾಕಾರದ ಮರದ ಬಿರಡೆಯೊಂದನ್ನು ಕೂರಿಸಿದ್ದಾನೆ. ಅದಕ್ಕೆ ಪ್ರತ್ಯೇಕವಾಗಿ ಕೂಲಿಯನ್ನು ತೆಗೆದುಕೊಳ್ಳಲಿಲ್ಲ.