ಕೌದಿಗೂ ಹಾಡಿಗೂ ಒಂದೇ ಹೊಲಿಗೆ

ಸಂಜೆಯಾದರೆ ಉತ್ತರಹಳ್ಳಿಯ ನಮ್ಮ ಮನೆಯಲ್ಲಿ ಎರಡು ಸದ್ದು. ಒಂದು ದೇವರಮನೆಯ ಗಂಟೆ, ಇನ್ನೊಂದು ಒಂಬತ್ತನೇ ತರಗತಿಯ ಮೊಮ್ಮಗಳ ರ‍್ಯಾಪ್. ಒಮ್ಮೆ ಅವಳು ಹಾಕಿದ ‘ಸಲಗ’ ಚಿತ್ರದ ಹಾಡಿಗೆ ನಾನೂ ತಾಳ ಹಾಕಿದೆ. 2021ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಹಾಡಿದವರಲ್ಲಿ ನೀನಾಸಂನಲ್ಲಿ ಕಲಿತ ಗಿರಿಜಾ ಸಿದ್ದಿಯೂ ಒಬ್ಬರು. ಅವರ ಜನರ ಸೀಮೆಯನ್ನು ನೋಡೋಣವೆಂದು ದಸರಾ ರಜೆಯಲ್ಲಿ ನಾನು, ನನ್ನಾಕೆ, ಮೊಮ್ಮಗಳು ಹೊರಟೆವು.

ರಾತ್ರಿ ರೈಲಿನಲ್ಲಿ ಹುಬ್ಬಳ್ಳಿ. ಅಲ್ಲಿಂದ ಬಸ್ಸಿನಲ್ಲಿ ಕಲಘಟಗಿ, ಕಿರವತ್ತಿ ದಾಟಿ ಯಲ್ಲಾಪುರ. ಸುಮಾರು 70 ಕಿ.ಮೀ. ಕಿರವತ್ತಿ ಬರುವಷ್ಟರಲ್ಲಿ ಬಯಲು ಮುಗಿದು ಕಾಡಿನ ತಂಪು ಶುರು.

ಮಕ್ಕಳೇ, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾದ ಕಾಡಂಚಿನಲ್ಲಿ ಸಿದ್ದಿಯರು ನೂರಾರು ವರ್ಷಗಳಿಂದ ಇದ್ದಾರೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು.

ಸಿದ್ದಿಯರ ಹೆಸರಾಂತ ಕುಣಿತ ದಮಾಮಿ. ಮರಕ್ಕೆ ತೊಗಲು ಬಿಗಿದ ವಾದ್ಯದ ಹೆಸರೇ ಕುಣಿತಕ್ಕೂ ಬಂದಿದೆ. ಹೆಂಗಸರ ಪಾಲಿಗೆ ಪುಗಡಿಯೂ ಉಂಟು. ಇವು ರ‍್ಯಾಪ್ ಅಲ್ಲ, ನಿಜ. ಆದರೆ ನನಗೆ ನೆಂಟಸ್ತಿಕೆ ಕಂಡದ್ದು ಕೌದಿಯಲ್ಲಿ.

ಸಿದ್ದಿ ಹೆಂಗಸರು ಅದಕ್ಕೆ ಕವಂದ್ ಎನ್ನುತ್ತಾರೆ. ಹಳೇ ಸೀರೆ, ಹರಿದ ಅಂಗಿಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಒಳಕ್ಕೆ ಸುತ್ತುತ್ತಾ ಕೈಯಲ್ಲೇ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಮಡಚಿದ ತುಂಡಿನ ‘ಫೂಲ’ ಇಡಬೇಕು, ಇಲ್ಲದಿದ್ದರೆ ಕವಂದ್ ಬರಿಮೈಯದು ಎಂಬ ಮಾತಿದೆ.

ರ‍್ಯಾಪ್ ಹುಟ್ಟಿದ್ದೂ ಹೀಗೆಯೇ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಒಂದು ಪಾರ್ಟಿ ಇಟ್ಟಳು. ಪ್ರವೇಶ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಬ್ಯಾಂಕಿನವನಾದ ನನಗೆ ಈ ಲೆಕ್ಕ ಬಹಳ ಹಿಡಿಸಿತು! ಜಮೈಕಾದಲ್ಲಿ ಹುಟ್ಟಿದ ಅವಳಣ್ಣ ಕೂಲ್ ಹರ್ಕ್, ಹಳೇ ರೆಕಾರ್ಡುಗಳಲ್ಲಿ ಬರೀ ತಾಳವಿದ್ದ ತುಣುಕುಗಳನ್ನು ಒಂದಕ್ಕೊಂದು ಜೋಡಿಸಿ ನುಡಿಸಿದ. ಹಿಪ್ ಹಾಪ್ ಹುಟ್ಟಿದ ದಿನವೆಂದು ಲೋಕ ಅದನ್ನೇ ನೆನೆಯುತ್ತದೆ. ಹಳೇ ತುಂಡುಗಳಿಂದ ಹೊಸ ಕೌದಿ!

ಆ ಹಾಡು ಸಮುದ್ರ ದಾಟಿ ಆಫ್ರಿಕಾ ಮುಟ್ಟಿತು. ದಕ್ಷಿಣ ಆಫ್ರಿಕಾದ ಶೋ ಮಜೋಜಿ ತನ್ನ ಮಾತೃಭಾಷೆ ತ್ಸೋಂಗಾದಲ್ಲಿ ರ‍್ಯಾಪ್ ಹೇಳುತ್ತಾಳೆ. ತಮ್ಮ ಜನರ ಶಿಬೆಲಾನಿ ಲಂಗ ತೊಟ್ಟು ಕುಣಿಯುತ್ತಾಳೆ. ಜಾಂಬಿಯಾದಲ್ಲಿ ಹುಟ್ಟಿ ಬೋಟ್ಸ್ವಾನಾದಲ್ಲಿ ಬೆಳೆದ ಸಾಂಪಾ ದಿ ಗ್ರೇಟ್ ಆಸ್ಟ್ರೇಲಿಯಾದಲ್ಲಿ ದೊಡ್ಡ ಪ್ರಶಸ್ತಿ ಗೆದ್ದಳು. ಇಂಗ್ಲಿಷ್ ಬಾರದಿದ್ದರೆ ರ‍್ಯಾಪ್ ಬರದು ಎನ್ನುವ ಮಕ್ಕಳಿಗೆ ಮಜೋಜಿಯೇ ಉತ್ತರ.

ಯಲ್ಲಾಪುರದ ಹತ್ತಿರ ಕವಂದ್ ಹೊಲಿಯುತ್ತಿದ್ದ ತಾಯಿಯೊಬ್ಬರು ನನ್ನಾಕೆಗೆ ಹೇಳಿದರು: “ಮಗಳು ಬೆಂಗಳೂರಲ್ಲಿ ನರ್ಸಿಂಗ್ ಓದ್ತಾಳೆ. ಬಸ್ಸಲ್ಲಿ ಎಲ್ಲರೂ ಇಂಗ್ಲಿಷಲ್ಲೇ ಮಾತಾಡಿಸ್ತಾರಂತೆ. ಒಬ್ಬರು ಪಾಸ್‌ಪೋರ್ಟ್ ಎಲ್ಲಿ ಅಂದ್ರಂತೆ. ‘ನಾನು ಯಲ್ಲಾಪುರದವಳು’ ಅಂದ್ರೂ ನಂಬಲ್ವಂತೆ.” ಹೇಳುವಾಗ ಅವರ ಸೂಜಿ ನಿಲ್ಲಲಿಲ್ಲ. ನನ್ನ ಮೊಮ್ಮಗಳು ಮಾತ್ರ ತಲೆ ತಗ್ಗಿಸಿ ಕೂತಳು.

ನಾಲ್ಕುನೂರು ವರ್ಷ ಇದೇ ನೀರು ಕುಡಿದವರು ಇನ್ನೆಷ್ಟು ಸಲ ಊರಿನ ಲೆಕ್ಕ ಒಪ್ಪಿಸಬೇಕು? ಮಕ್ಕಳೇ, ನಿಮ್ಮ ಬಸ್ಸಿಗೆ ಗುಂಗುರು ಕೂದಲಿನ ಹುಡುಗಿ ಹತ್ತಿದರೆ “ಯಾವ ದೇಶ?” ಎನ್ನಬೇಡಿ. “ಊಟ ಆಯ್ತಾ?” ಎಂದು ಕನ್ನಡದಲ್ಲೇ ಕೇಳಿ. ಅವಳು ನಿಜಕ್ಕೂ ಆಫ್ರಿಕಾದಿಂದ ಬಂದವಳಾಗಿದ್ದರೂ ನಷ್ಟವೇನಿಲ್ಲ, ಎರಡು ಕನ್ನಡ ಪದ ಕಲಿತಾಳು.